ಎಡಗಿವಿಯ ಸಾಲು

ರಾಯಪ್ಪ ಫಾದರಿಗೆ ಎಡಗಿವಿ ಮಂದ.
ಹಾಸನದ ನಮ್ಮ ಚರ್ಚಿನ ಮಕ್ಕಳಿಗೂ ಗೊತ್ತು,
ಬಿಷಪ್ಪರಿಗೆ ಮಾತ್ರ ಯಾರೂ ಹೇಳಿಲ್ಲ.
ಪಾಪನಿವೇದನೆಯ ಪೆಟ್ಟಿಗೆಗೆ ಎರಡು ಕಿಂಡಿ.
ಸಣ್ಣ ಸಿಟ್ಟು, ಸಣ್ಣ ಸುಳ್ಳು,
ಶುಕ್ರವಾರ ಮರೆತು ಉಂಡ ಕೋಳಿಸಾರು,
ಇಂಥವನ್ನು ತಂದವರು ಬಲಕ್ಕೆ ಹೋಗುತ್ತಾರೆ.
ಎಡದ ಸಾಲು ಯಾವಾಗಲೂ ಉದ್ದ.

ಪವಿತ್ರ ವಾರದ ಬುಧವಾರ, ಸಂಜೆ ಆರೂವರೆ.
ಜಲಂಧರದಿಂದ ಬಂದ ಬಿತ್ತನೆ ಆಲೂಗಡ್ಡೆಯ ಲಾರಿಗಳನ್ನು
ಬೆಳಗಿನಿಂದ ತೂಗಿ ತೂಗಿ
ಉಗುರಲ್ಲಿ ಪಂಜಾಬಿನ ಮಣ್ಣು.
ನಾನು ಎಪಿಎಂಸಿ ಯಾರ್ಡಿನ ವೇಬ್ರಿಡ್ಜಿನವನು.
ತುಂಬಿದ ಲಾರಿ, ಖಾಲಿ ಲಾರಿ, ಕಳೆದರೆ ಉಳಿದದ್ದು ಮಾಲು.
ಇಪ್ಪತ್ತೆರಡು ವರ್ಷ ಇದೇ ಲೆಕ್ಕ.
ನಾನು ಹರಿದುಕೊಟ್ಟ ಚೀಟಿಗೆ ಯಾರೂ ತಕರಾರು ತೆಗೆದಿಲ್ಲ.

ನನ್ನ ಮುಂದೆ ಮದಲೇನಮ್ಮ,
ಸಂಘದ ದುಡ್ಡು ನುಂಗಿದಳೆಂದು ಬೀದಿಯೇ ಹೇಳುತ್ತದೆ;
ಅವಳ ಮುಂದೆ ಒಬ್ಬ ಹುಡುಗ, ಹೊಸ ಮೀಸೆ,
ಹೆಲ್ಮೆಟ್ಟನ್ನು ಕೂಸಿನ ಹಾಗೆ ಅಪ್ಪಿಕೊಂಡು.
ಈ ಸಾಲಲ್ಲಿ ಯಾರೂ ಯಾರ ಮುಖ ನೋಡುವುದಿಲ್ಲ.
ಶಿಲುಬೆಗೆ ನೇರಳೆ ಬಟ್ಟೆ ಸುತ್ತಿದ್ದರು.
ಒಳಗೆ ಅವನಿದ್ದಾನೋ,
ಬಣ್ಣ ಹೊಡೆಸಲು ಕಳಿಸಿದ್ದಾರೋ,
ಹೊರಗಿನಿಂದ ಗೊತ್ತಾಗುವಂತಿರಲಿಲ್ಲ.

ಹೇಳಲಿಕ್ಕೆ ನನ್ನ ಬಳಿ ಒಂದು ಕತೆಯಾದರೂ ಇದ್ದಿದ್ದರೆ!
ಯಾರೂ ಸಾಯಲಿಲ್ಲ. ಮಗಳಿಗೆ ಜ್ವರ ಬಂದಿತ್ತು, ವಾಸಿಯಾಯಿತು.
ಯಾವ ಪುಸ್ತಕವನ್ನೂ ಓದಲಿಲ್ಲ.
ಒಂದು ಮಂಗಳವಾರ, ಎರಡು ಲಾರಿಗಳ ನಡುವೆ,
ಪರದೆಯ ಮೇಲೆ ಕೆಂಪು ಸೊನ್ನೆಗಳು ಉರಿಯುತ್ತಿದ್ದವು,
ಊಟದ ಡಬ್ಬಿ ಬಿಚ್ಚಿ
ಶಿಲುಬೆಯ ಗುರುತಿಗೆಂದು ಹಣೆಯತ್ತ ಕೈ ಎತ್ತಿದೆ.
ಎತ್ತಿದ ಕೈ ಅಲ್ಲೇ ನಿಂತು ಕೇಳಿತು: ಯಾರಿಗೆ?
ಅಷ್ಟೇ.
ಹಣೆ ತುರಿಸಿಕೊಂಡು ಉಂಡೆ.

ಮೊಣಕಾಲೂರಿದೆ. ಜಾಲರಿಗೆ
ಹಳೇ ಉಸಿರುಗಳ ಹಿತ್ತಾಳೆ ವಾಸನೆ.
"ಗುರುವೇ, ಆಶೀರ್ವದಿಸಿ, ಪಾಪ ಮಾಡಿದ್ದೇನೆ.
ದೇವರಿದ್ದಾನೆ ಅಂತ ನನಗೆ ಅನ್ನಿಸುತ್ತಿಲ್ಲ."
ಒಳಗೆ ಸ್ವಲ್ಪ ಹೊತ್ತು ಜಪಸರದ ಸದ್ದು.
"ಎಷ್ಟು ಸಲ?" ಅಂದರು ಫಾದರ್.

ಎಲ್ಲರಿಗೂ ಕೇಳುವ ರೂಢಿಯ ಪ್ರಶ್ನೆ.
ನಗು ಬರಬೇಕಿತ್ತು. ನಾನು ಎಣಿಸತೊಡಗಿದೆ:
ಆ ಮಂಗಳವಾರ ಒಂದು;
ಅವ್ವನ ಪಕ್ಕ ಕೂತು ಬರೀ ತುಟಿ ಆಡಿಸಿದ ರಾತ್ರಿಗಳು;
ಭಾನುವಾರದ ಉಪದೇಶದಲ್ಲಿ
"ದೇವರು ಎಲ್ಲಿದ್ದಾನೆ?" ಎಂದರೆ
ಮಕ್ಕಳೆಲ್ಲ "ಎಲ್ಲೆಲ್ಲೂ" ಎಂದು ಕೂಗಿದಾಗ
ಭೇಷ್ ಅಂದು ತಲಾ ಒಂದು ಪೆಪ್ಪರ್‌ಮಿಂಟು ಹಂಚಿದ್ದು...
"ಲೆಕ್ಕ ಸಿಗುತ್ತಿಲ್ಲ ಫಾದರ್," ಅಂದೆ,
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ಕುರ್ಚಿ ಕಿರುಗುಟ್ಟಿತು.
ಮುದುಕರು ಇಡೀ ಮೈ ತಿರುಗಿಸಿ
ಬಲಗಿವಿಯನ್ನು ತಂದು ಜಾಲರಿಗೆ ಒತ್ತಿದರು.
ಬಿಳೀ ಕೂದಲು, ಹಾಲೆಯ ಮೇಲೊಂದು ಮಚ್ಚೆ.
"ಇನ್ನೊಂದ್ಸಲ ಹೇಳಪ್ಪ ಇನ್ನಾಸಿ. ನಿಧಾನಕ್ಕೆ."

ಹೆಸರು ಹಿಡಿದು ಕರೆದುಬಿಟ್ಟರೆ!
"ಸಿಟ್ಟು ಮಾಡ್ಕೊಂಡೆ," ಅಂದೆ, "ಹೆಂಡತಿ ಮೇಲೆ. ಎರಡು ಸಲ."
ಕಿವಿ ಕದಲಲಿಲ್ಲ.
ಇನ್ನೂ ಕಾಯಿತು.
ಹಿಂದೆ ಯಾರೋ ಕೆಮ್ಮಿದರು.
"ಮೂರು ನಮೋ ಮರಿಯಾ," ಅಂದು ಕೈಯೆತ್ತಿದರು.

ಕೊನೇ ಬೆಂಚಲ್ಲಿ ಕೂತು ಆರು ಹೇಳಿದೆ.
ಮೂರು ಆ ಸಿಟ್ಟಿಗೆ, ಮಿಕ್ಕಿದ್ದು ಯಾವುದಕ್ಕೋ.
ಸಂತೆದಾರಿ ಬಲ್ಲ ಎತ್ತುಗಳ ಹಾಗೆ
ಮಾತುಗಳು ತಾವೇ ನಡೆದವು,
ಗಾಡಿಯಲ್ಲಿ ಯಾರಿದ್ದಾರೆಂದು ತಿರುಗಿ ನೋಡದೆ.

ರಾತ್ರಿ ಯಾರ್ಡಿಗೆ ವಾಪಸು. ಇನ್ನೊಂದು ಲಾರಿ ಬರುವುದಿತ್ತು.
ಯಾರೂ ಇಲ್ಲದ್ದು ನೋಡಿ
ಕಬ್ಬಿಣದ ಹಾಸಿನ ಮೇಲೆ ನಾನೇ ಹತ್ತಿ ನಿಂತೆ.
ಇದು ಹತ್ತತ್ತು ಕಿಲೋ ಎಣಿಸುವ ಯಂತ್ರ,
ಅದಕ್ಕಿಂತ ಕಡಿಮೆಯದು ಇದ್ದರೂ ಕಾಣದು.
ಎಪ್ಪತ್ತು ಅಂದಿತು. ಅರವತ್ತು. ಮತ್ತೆ ಎಪ್ಪತ್ತು.
ಗೇಟಿನ ಬಳಿ ಹೆಡ್‌ಲೈಟು ತಿರುಗಿತು.
ಇಳಿದು, ಪೊರಕೆ ತಂದು,
ಹಾಸಿನ ಮೇಲಿನ ಮಣ್ಣು ಗುಡಿಸತೊಡಗಿದೆ.