ಚಾರ್ಜ್ ಒಪ್ಪಿಸುವಾಗ

ಬಾ ನಾಗವೇಣಿ, ಕೂರು. ಆ ಸಿಮೆಂಟ್ ಚೀಲದ ಮೇಲೆ ಬೇಡ,
ಅದು ನೆನೆದು ಕಲ್ಲಾಗಿದೆ,
ಸ್ಟೋರಿನ ಲೆಕ್ಕದಲ್ಲಿ ಮಾತ್ರ ಇನ್ನೂ ಪುಡಿ.
ಅದನ್ನೇ ಮೊದಲು ಬರೆದುಕೋ.

ಇದು ಬೀಗದ ಗೊಂಚಲು.
ಇದು ಕೋಲ್ಡ್ ಸ್ಟೋರೇಜಿನ ನಕ್ಷೆ, ಏಳನೇ ತಿದ್ದುಪಡಿ.
ಆರನೆಯದು ಶೆಡ್ಡಿನ ಗೋಡೆಗೆ ಅಂಟಿದೆ, ಇವತ್ತೇ ಕಿತ್ತುಹಾಕು:
ಗಾರೆಯವರು ನೋಡುವುದು ಗೋಡೆಯನ್ನು,
ನಿನ್ನ ಇಮೇಲನ್ನಲ್ಲ.

ಹೆಡ್ಡಾಫೀಸಿನ ಚಾರ್ಟಿನಲ್ಲಿ ಏಪ್ರಿಲ್ ಮೂವತ್ತಕ್ಕೆ ಎಲ್ಲ ಮುಗಿಯುತ್ತದೆ.
ನೀನು ಎಪಿಎಂಸಿಗೆ ಹೋಗು,
ಹಮಾಲಿ ದ್ಯಾವಯ್ಯನನ್ನು ಕೇಳು:
ಜಲಂಧರದ ಬಿತ್ತನೆ ಗಡ್ಡೆಯ ಲಾರಿ ಹಾಸನಕ್ಕೆ ಈ ಸಲ ಯಾವಾಗ?
ಅವನು ಬೀಡಿ ಆರಿಸಿ ಹೇಳಿದ ವಾರವೇ ನಿನ್ನ ಗಡುವು.
ಆಲೂಗಡ್ಡೆಗೆ ಕಣ್ಣಿರುವುದು ಮೊಳೆಯುವುದಕ್ಕೆ,
ಚಾರ್ಟ್ ಓದುವುದಕ್ಕಲ್ಲ.

ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳನ್ನೂ ಅದರಲ್ಲಿ ಗುರುತು ಹಾಕು.
ಹೋದ ವರ್ಷ ನನ್ನ ಎಂಟು ಲೋಡ್ ಎಂ-ಸ್ಯಾಂಡು
ಬೈಪಾಸಿನಲ್ಲಿ ಮೂರು ದಿನ
ಧರ್ಮದರ್ಶನದ ಸಾಲಿನಲ್ಲಿದ್ದಂತೆ ನಿಂತಿತ್ತು.

ನೀನು ರಾಯಚೂರಿನವಳು, ಇಲ್ಲಿಯ 'ಆಯ್ತು' ನಿನಗೆ ಹೊಸದು.
'ಆಯ್ತು ಬುಡಿ ಮೇಡಂ' ಎಂದರೆ ಆಗಿದೆ ಎಂದಲ್ಲ,
ಕೇಳಿಸಿತು, ಇನ್ನು ನೀವು ಹೊರಡಿ ಎಂದು.
'ಆಯ್ತದೆ' ಎಂದರೆ ಸಾಮಾನು ಬಂದಿಲ್ಲ.
'ಮಾಡಾನ' ಎಂದು ತಲೆ ಕೆರೆದುಕೊಂಡರೆ ಆಳು ಬಂದಿಲ್ಲ.
ಏನೂ ಹೇಳದೆ, ಕೈ ಒರೆಸಿಕೊಂಡು,
ಮುಂದೆ ನಡೆದು ತೋರಿಸಿದರೆ
ಅದು ಆಗಿದೆ.
ಆದ್ದರಿಂದ ಆಯ್ತಾ ಎಂದು ಕೇಳಬೇಡ.
ಎಷ್ಟಾಯ್ತು ಎಂದು ಕೇಳು, ಕೈಯಲ್ಲಿ ಟೇಪು ಹಿಡಿದು.

ಮೂರನೇ ಕೋಣೆಯ ಗೋಡೆಯಲ್ಲೊಂದು ತೇಪೆ ಇದೆ, ನೋಡಿದೆಯಾ?
ಎರಡು ಕೋಟ್ ಬಣ್ಣ ಹೊಡೆಸಿದರೂ ಕಾಣುತ್ತದೆ.
ಇಲಿಯಾಸ್ ಮೇಸ್ತ್ರಿ ಜೂನಿನಲ್ಲೇ ಬಂದಿದ್ದ, ಗೇಣಿಟ್ಟು ಅಳೆದು:
'ಸಾ, ಮಿಷನ್ನು ಈ ಬಾಗಿಲಲ್ಲಿ ನುಗ್ಗಾಕಿಲ್ಲ.'
ನನ್ನ ಕಿವಿಯಲ್ಲಿ ಫೋನು, ಫೋನಿನಲ್ಲಿ ಮೀಟಿಂಗು,
ಮೀಟಿಂಗಿನಲ್ಲಿ ಎಲ್ಲವೂ ಸರಿಯಾಗಿತ್ತು.
ಅಂಗೈ ಎತ್ತಿ ಅವನನ್ನು ಸುಮ್ಮನಿರಿಸಿದೆ.

ಸೆಪ್ಟೆಂಬರಿನಲ್ಲಿ ಕಂಪ್ರೆಸರ್ ಬಂತು,
ಬಾಗಿಲಿಗಿಂತ ನಾಲ್ಕೇ ಇಂಚು ಹೆಚ್ಚು.
ಕ್ರೇನಿನ ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡುತ್ತಿತ್ತು.
ತಾನೇ ಕಟ್ಟಿದ ಗೋಡೆಯನ್ನು ಇಲಿಯಾಸ್ ತಾನೇ ಒಡೆದ,
ಒಂದು ಮಾತಾಡಲಿಲ್ಲ.
ಆ ಮೌನಕ್ಕೆ ನಮ್ಮ ಬಿಲ್ಲಿನಲ್ಲಿ ಕಾಲಂ ಇಲ್ಲ.

ಹನ್ನೊಂದು ದಿನ ಮಾಲೀಕರಿಗೆ ಮುಚ್ಚಿಟ್ಟೆ.
ಹನ್ನೆರಡನೆಯ ದಿನ ಅವರಿಗೆ ಹೇಳಿದವನು ಹಾಲಿನ ಹುಡುಗ.
ಕೆಟ್ಟ ಸುದ್ದಿಯನ್ನು ಬಿಸಿಯಿರುವಾಗ ನೀನೇ ಒಯ್ಯಿ,
ಬೈಸಿಕೊಂಡು ಬಾ.
ಬೇರೆಯವರ ಬಾಯಲ್ಲಿ ಹೋದರೆ ಬಡ್ಡಿ ಹಾಕಿಕೊಂಡು ಹೋಗುತ್ತದೆ.

ಆಮೇಲಿಂದ ನಾಲ್ಕೂವರೆಯ ಟೀ ಹೊತ್ತಿಗೆ
ಫೋನನ್ನು ಸ್ಟೋರಿನ ಡ್ರಾಯರಿನಲ್ಲಿಟ್ಟು
ಜಲ್ಲಿ ರಾಶಿಯ ಮೇಲೆ ಅವರೊಡನೆ ಕೂರುತ್ತೇನೆ.
ಏನೂ ಕೇಳುವುದಿಲ್ಲ.
ಮೊದಲ ವಾರ ಎಲ್ಲರೂ ಲೋಟವನ್ನೇ ನೋಡಿದರು.
ಎರಡನೆಯ ವಾರ, ಬಿಹಾರದ ಹುಡುಗ ಸುಖದೇವ,
ಮುರುಕು ಕನ್ನಡದಲ್ಲಿ,
'ಎರಡು ನಂಬರ್ ರೂಮು, ಮೂಲೆ, ಪ್ಯಾನೆಲ್ ಬೆವರ್ತದೆ' ಎಂದ.
ಯಾವ ರಿಪೋರ್ಟಿನಲ್ಲೂ ಇರಲಿಲ್ಲ ಆ ಬೆವರು.
ಸಂದಿ ತೆಗೆದು ನೋಡಿದೆವು, ಒಳಗೆ ಫೋಮೇ ಇಲ್ಲ.

ಇನ್ನೇನು? ಶುಕ್ರವಾರ ಸ್ಲ್ಯಾಬ್ ಹಾಕಿಸಬೇಡ,
ಭಾನುವಾರ ಅದಕ್ಕೆ ನೀರುಣಿಸುವವರು ಇರುವುದಿಲ್ಲ.
ಕೂಲಿಯನ್ನು ಶನಿವಾರ ಕತ್ತಲಾಗುವ ಮೊದಲೇ ಕೊಡು.
ಕ್ಯಾಂಟೀನಿನ ಸಾಕಮ್ಮನಿಗೆ ಮುನ್ನೂರ ಹತ್ತು ಬಾಕಿ,
ನನ್ನದು, ಕೊಟ್ಟೇ ಹೋಗುತ್ತೇನೆ.

ಇನ್ನೊಂದು ಬಾಕಿ ಇತ್ತು.
ನಿನ್ನೆ ಇಲಿಯಾಸನ ಹತ್ತಿರ ಹೋಗಿ,
ಆ ಗೋಡೆ ನನ್ನ ತಪ್ಪು, ನಿನ್ನದಲ್ಲ ಎಂದೆ.
ಕರಣೆ ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ.
'ಆಯ್ತು ಬುಡಿ ಸಾ' ಎಂದ.

ಅದು ಯಾವ ಆಯ್ತು, ರಾತ್ರಿಯೆಲ್ಲ ಯೋಚಿಸಿದೆ.

ಇಲ್ಲಿ ಸಹಿ ಮಾಡು. ದಿನಾಂಕ ಹಾಕು.