ಮೂರು ಚುಕ್ಕೆ

ಸೆಮೆಯ್ ಊರಿನ ಇರ್ತಿಶ್ ಹೊಳೆ
ಲಾರಿ ಓಡುವಷ್ಟು ಗಟ್ಟಿಯಾದ ತಿಂಗಳು.
ನೆಲಮಾಳಿಗೆಯ ಕತ್ತಲ ಕೋಣೆಯಲ್ಲಿ ರೌಶಾನ್
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಎಣಿಸುತ್ತಾಳೆ.
ಎಡಗೈಯಲ್ಲಿ ಟಕ್ ಟಕ್ ಎನ್ನುವ ಎಣಿಕೆಯಂತ್ರ,
ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ಅಮ್ಮನ ಶಾಲು.

ದುಂಡನೆಯ ನೀಲಿ, ಕೋಶದ ಕೇಂದ್ರ.
ಒಳಗೆ ಹಸಿರು ಚುಕ್ಕೆ:
ಇಲ್ಲಿ ಹರಿದಿದೆ, ಎರಡೂ ಎಳೆ, ಒಟ್ಟಿಗೇ
ಎಂದು ಕೋಶವೇ ಕೂಗಿದ ಕೂಗು.
ಅಳೆದು ಒಂದು ಪೆಟ್ಟು ಕಿರಣ ಕೊಟ್ಟ ಮೇಲೆ
ಅರ್ಧ ಗಂಟೆಗೆ ಚುಕ್ಕೆಯೋ ಚುಕ್ಕೆ,
ಒಂದು ದಿನ ಕಳೆದರೆ ಒಂದೋ, ಅದೂ ಇಲ್ಲವೋ.
ನಡುವೆ ಏನು ನಡೆಯಿತು ಎಂಬುದೇ
ಅವಳ ಸಂಬಳ.

ರಕ್ತ ತೊಲೆಗೆನ್ ಮುದುಕನದು.
ನಿನ್ನೆ ತೋಳು ಚಾಚಿ ಕೊಟ್ಟ,
ಹಳ್ಳಿಯ ಬಸ್ಸು ನಾಲ್ಕಕ್ಕೆ, ಅಲ್ಲಿಯವರೆಗೆ ಕೂತ,
ಕೇಳಿದ: ಹರಿದರೆ ಹೊಲಿಯುವವರು ಯಾರು ಮಗಳೇ?

"ಕೂಡಲೇ ಹೊಲಿಯುವುದಿಲ್ಲ, ಆತಾ. ಮೊದಲು ಬ್ರೇಕು.
ಎರಡಾಗಲು ಹೊರಟ ಕೋಶ ನಿಂತಲ್ಲೇ ನಿಲ್ಲುತ್ತದೆ.
ಓಡುವ ಗಾಡಿಯ ಚಕ್ರ ಬಿಚ್ಚುವವರುಂಟೆ?"
ಅವನು ತಲೆಯಾಡಿಸಿದ. ಮೂವತ್ತು ವರ್ಷ
ಸರ್ಕಾರಿ ಟ್ರ್ಯಾಕ್ಟರುಗಳ ಹೊಟ್ಟೆಯಡಿ ಮಲಗಿದ ಬೆನ್ನು ಅದು.

"ಆಮೇಲೆ ಬರುವವರಲ್ಲಿ ಒಬ್ಬ ಅವಸರದವ.
ತುದಿಗೆ ತುದಿ ತಂದು, ಒರಟನ್ನು ಸವರಿ ಗಂಟು ಬಿಗಿಯುತ್ತಾನೆ,
ನಾಲ್ಕಕ್ಷರ ಹೋದರೆ ಹೋಯಿತು.
ಇನ್ನೊಬ್ಬ ನಿಧಾನಿ. ತುದಿಯನ್ನು ಉದ್ದಕ್ಕೆ ಸುಲಿದು,
ಪಕ್ಕದಲ್ಲಿ ತಂಗಿ ಎಳೆ ಇದ್ದರೆ
ಅವಳನ್ನು ನೋಡಿ ನೋಡಿ ಬರೆದುಕೊಳ್ಳುತ್ತಾನೆ.
ತುದಿಯ ಬಳಿ ಇಬ್ಬರಿಗೂ ಜಗಳ ಇದ್ದದ್ದೇ.
ಸುಲಿಯಬೇಡ ಎಂದು ಅಡ್ಡ ನಿಲ್ಲುವವನನ್ನು
ಹೊತ್ತು ನೋಡಿ ಸರಿಸಬೇಕು."
"ಹೊತ್ತು ಎಂದರೆ?"
"ನಕಲು ಮುಗಿದು, ಇನ್ನೂ ಬೇರೆಯಾಗದ ಹೊತ್ತು.
ತಂಗಿ ಇರುವುದು ಆಗ ಮಾತ್ರ."
"ನನ್ನ ಈ ರಕ್ತದಲ್ಲಿ?"
"ಇವು ದಣಿವಾರಿಸಿಕೊಳ್ಳುತ್ತಿರುವ ಕೋಶಗಳು. ತಂಗಿ ಇಲ್ಲ.
ಇವಕ್ಕೆ ಗಂಟೇ ಗತಿ."

ಮುದುಕ ಚಹಾದ ಬಟ್ಟಲನ್ನು ಅಂಗೈಯಲ್ಲಿ ತಿರುಗಿಸಿದ.

"ಕಂಶಾತ್ ಎಂದು ಹೆಸರು. ಅವಳಿಗೆ ಐದು, ನನಗೆ ಏಳು.
ಕಿಟಕಿ ನಡುಗಲಿದೆ ಎಂದು ಸೈನಿಕರು ಬಂದು
ಊರನ್ನೆಲ್ಲ ಹಳ್ಳದಲ್ಲಿ ಬೋರಲು ಮಲಗಿಸಿದರು.
ಅವಳು ತಲೆ ಎತ್ತಿ ನೋಡಿದಳು.
ನಾನು ಮಣ್ಣು ನೋಡಿದೆ.
ಉಣ್ಣೆ ಬಡಿಯುವಾಗ ಅಜ್ಜಿ ಕಲಿಸಿದ್ದ ಪದ ಒಂದಿತ್ತು,
ಒಂದು ಸಾಲು ನನ್ನದು, ಒಂದು ಅವಳದು.
ಅವಳು ಹೋದ ಮೇಲೆ
ನನ್ನ ಸಾಲಿಗೆ ನನ್ನ ಸಾಲನ್ನೇ ಹಚ್ಚಿ
ಮಕ್ಕಳಿಗೆ ಹೇಳಿಕೊಟ್ಟೆ.
ಕುದುರೆ ಈಗ ನೀರು ಕುಡಿಯದೆಯೇ ಬೆಟ್ಟ ಹತ್ತುತ್ತದೆ.
ಮೊಮ್ಮಕ್ಕಳೂ ಹಾಗೇ ಹೇಳುತ್ತವೆ,
ಕುದುರೆಗೆ ಬಾಯಾರಿತೇ ಎಂದು
ಈವರೆಗೆ ಯಾರೂ ಕೇಳಲಿಲ್ಲ."

ಬಸ್ಸು ಬಂತು. ಕಿವಿ ಮುಚ್ಚುವ ಟೋಪಿ ಇಳಿಸಿಕೊಂಡು ಹೋದ.

ಇವತ್ತು ನಲವತ್ತೊಂದನೆಯ ಕೋಶದಲ್ಲಿ
ಇಪ್ಪತ್ತನಾಲ್ಕು ಗಂಟೆಯಾದರೂ ಆರದ ಮೂರು ಚುಕ್ಕೆ.
ಹೊಲಿಗೆ ಕೂಡದ ಕೋಶ ಒಂದೋ ಮುದಿಯಾಗಿ ಕೂರುತ್ತದೆ,
ಇಲ್ಲ, ಉಳಿದವರ ಸಲುವಾಗಿ
ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ.
ಬ್ರೇಕು ಕಳಚಿ ಓಡುವುದೂ ಉಂಟು.
ಅದನ್ನು ಅವಳು ಮುದುಕನಿಗೆ ಹೇಳಿರಲಿಲ್ಲ.

ಪಟ್ಟಿಯಲ್ಲಿ ಮೂರು ಎಂದು ಬರೆಯುತ್ತಾಳೆ.
ಗಾಜಿನ ಮೇಲಿನದು ಬೆಳಿಗ್ಗೆಯೇ
ಔಷಧಿ ಹಾಕಿ ನಿಲ್ಲಿಸಿದ ಗಳಿಗೆ,
ಅಲ್ಲಿ ಇನ್ನು ಯಾರೂ ಏನೂ ಹೊಲಿಯುವುದಿಲ್ಲ.
ಗೊತ್ತು.
ಆದರೂ ದೀಪ ಆರಿಸುವ ಮುನ್ನ
ಬೆರಳಿಗೆ ಬಿಸಿಯುಸಿರು ಊದಿ
ಇನ್ನೊಮ್ಮೆ ಬಗ್ಗುತ್ತಾಳೆ,
ಎರಡಾಗಿದೆಯೇನೋ ಎಂದು.