ತಲೆಯೊಳಗಿನ ಕಂಬಿ

ಲಿಂಡನ್ ಮರದ ತಲೆ. ಹುಳು ಕೊರೆದ
ಹದಿನಾರು ತೂತು. ಎಣಿಸಿದ್ದೇನೆ,
ಬರೆದುಕೊಂಡಿದ್ದೇನೆ. ವಸ್ತು ಸಂಖ್ಯೆ ನಾನೂರ ಹನ್ನೊಂದು:
ದೆವ್ವ. ಒಂದು ಕೊಂಬಿಲ್ಲ.

ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ
ಬಿಳಿ ಕೈಗವಸು ತೊಟ್ಟು ನಾನು ಮುಟ್ಟುವ ಇದನ್ನು
ಅಜ್ಜ ಎಂಜಲು ಹಚ್ಚಿ ಒರೆಸುತ್ತಿದ್ದ,
ನಮ್ಮ ಮೂಗು ಒರೆಸಿದ ಅದೇ ಕರವಸ್ತ್ರದಲ್ಲಿ.

ದಾರದ ಗೊಂಬೆ ಅನ್ನುತ್ತಾರೆ ನೋಡಲು ಬಂದವರು.
ದಾರ ಕೈಕಾಲಿಗೆ ಮಾತ್ರ, ಅನ್ನುತ್ತೇನೆ.
ತಲೆಗೆ ಕಬ್ಬಿಣದ ಕಂಬಿ, ನೆತ್ತಿಯಿಂದ ನೇರ ಮೇಲಕ್ಕೆ.
ಅದಕ್ಕೇ ನಮ್ಮ ಹಳೆಯ ಗೊಂಬೆ ತೇಲುವುದಿಲ್ಲ,
ದಪದಪ ಕಾಲಿಟ್ಟು ಬರುತ್ತದೆ
ಬಾಕಿ ವಸೂಲಿಗೆ ಬಂದವನಂತೆ.

ಅಜ್ಜ, ಬಾರ್ನಬಾಷ್ ಹ್ರಿವ್ನಾಕ್. ಅವನಪ್ಪ, ಅವನಪ್ಪನ ಅಪ್ಪ.
ಒಂದು ಗಾಡಿ, ಒಂದು ಕುಂಟು ಕುದುರೆ, ಮೂವತ್ತು ಗೊಂಬೆ,
ಹ್ರೋನ್ ನದಿಯ ಗುಂಟ ಊರೂರು.
ಹೆಂಡದಂಗಡಿಯ ಮೇಜು ಜೋಡಿಸಿದರೆ ರಂಗ,
ಅಜ್ಜಿಯ ಮದುವೆಯ ಹಾಸು ಪರದೆ.
ಟಿಕೆಟ್ಟು ಎರಡು ಮೊಟ್ಟೆ, ಇಲ್ಲವೇ ಬೊಗಸೆ ಹಿಟ್ಟು.
ಒಮ್ಮೆ ಯಾರೋ ಕೋಳಿಯನ್ನೇ ತಂದು
ಚಿಲ್ಲರೆ ಕೇಳಿದರಂತೆ.

ಪುಸ್ತಕವಿಲ್ಲ. ಆಟವೆಲ್ಲ ಬಾಯಿಪಾಠ.
ರಾಜನಿಗೆ, ರಾಣಿಗೆ, ಕುಡುಗೋಲು ಹಿಡಿದ ಸಾವಿಗೆ
ಎಲ್ಲರಿಗೂ ಸೇರಿ ಒಂದೇ ಗಂಟಲು,
ಚಳಿಗಾಲದಲ್ಲಿ ಅದಕ್ಕೆ ಬಾತುಕೊಬ್ಬಿನ ಪಟ್ಟಿ.

ಚಕ್ರವರ್ತಿಯ ಕಾಲದಲ್ಲಿ ಒಂದು ಊರಿನ ಅಧಿಕಾರಿ
ಆಟ ಹಂಗೇರಿಯನ್ನಿನಲ್ಲೇ ಆಗಬೇಕು ಅಂದ.
ಆಗಲಿ ಒಡೆಯಾ, ಅಂದ ಮುತ್ತಜ್ಜ.
ರಾಜ ಹಂಗೇರಿಯನ್ ಆಡಿದ, ಮಂತ್ರಿ ಆಡಿದ,
ಕೆಂಪು ಟೋಪಿಯ ಕೋಡಂಗಿ ಮಾತ್ರ
ಮಾತುಮಾತಿಗೂ ಕಿವಿ ಚಾಚಿ ಸ್ಲೋವಾಕಿನಲ್ಲಿ
'ಏನಂದೆ?' ಅಂದ.
ಜನ ನಕ್ಕು ನಕ್ಕು ಬೆಂಚು ಮುರಿಯಿತು.
ಮುತ್ತಜ್ಜನಿಗೆ ಮೂರು ದಿನ ಠಾಣೆ.
ಕೋಡಂಗಿಗೂ, ಬೇರೆ ಕೋಣೆಯಲ್ಲಿ.

ಆಮೇಲಿನದು ಅಜ್ಜಿ ಹೇಳಿದ್ದಲ್ಲ. ಅಜ್ಜಿ ಹೇಳುತ್ತಿರಲಿಲ್ಲ.
ಐವತ್ತರ ದಶಕ. ಪರವಾನಗಿ ಇನ್ನು ನವೀಕರಿಸುವುದಿಲ್ಲ.
ಗೊಂಬೆಯಾಟ ಇನ್ನು ಸರ್ಕಾರದ ಕಟ್ಟಡದಲ್ಲಿ,
ಸಂಬಳದವರಿಂದ, ಗಂಟೆ ಹೊಡೆದ ಮೇಲೆ.
ಅಜ್ಜ ಸಕ್ಕರೆ ಕಾರ್ಖಾನೆಯಲ್ಲಿ ಮೂಟೆ ಹೊತ್ತ.
ಪೆಟ್ಟಿಗೆ ಆಲೂಗಡ್ಡೆಯ ರಾಶಿಯಡಿ ಕೂತಿತು.
ಕೊಂಬು ಹೋದದ್ದು ಆಗಲೇ,
ಇಲಿಯೋ, ತೇವವೋ, ಅಜ್ಜನ ಸಿಟ್ಟೋ.
ರಾತ್ರಿ ಪಾಳಿ ಮುಗಿಸಿ ಬಂದು
ಅಡುಗೆಮನೆಯ ಕತ್ತಲಲ್ಲಿ ಕೈ ಮೇಲೆತ್ತಿ ನಿಲ್ಲುತ್ತಿದ್ದನಂತೆ,
ಖಾಲಿ ಕೈ. ಬೆರಳು ಮಾತ್ರ ಆಡುತ್ತಾ.
ಅಪ್ಪ ಇದನ್ನು ಹೇಳುವಾಗ
ಇವತ್ತಿಗೂ ಒಮ್ಮೆ ಬಾಗಿಲ ಕಡೆ ನೋಡುತ್ತಾನೆ.

ಸುಳ್ಳಾಡಬಾರದು ಆದರೂ:
ಆ ಸರ್ಕಾರಿ ಕಟ್ಟಡದಲ್ಲೇ, ಆರನೆಯ ವಯಸ್ಸಿನಲ್ಲಿ,
ಒಂದು ಹಳೆಯ ಕೊಡೆ ಸತ್ತದ್ದಕ್ಕೆ
ನಾನು ಬಿಕ್ಕಿ ಬಿಕ್ಕಿ ಅತ್ತದ್ದು.

ಈಗ ನಾವು ಜಗತ್ತಿನ ಪಟ್ಟಿಯಲ್ಲಿದ್ದೇವೆ, ಪರಂಪರೆಯೆಂದು.
ಪ್ರಮಾಣಪತ್ರದ ಪ್ರತಿ ಗೋಡೆಯ ಮೇಲೆ, ಸ್ವಲ್ಪ ಓರೆಯಾಗಿ.
ಮಗಳು ತಾಮಾರಾ ಪರದೆಯಿಲ್ಲದೆ ಆಡಿಸುತ್ತಾಳೆ,
ಪ್ಲಾಸ್ಟಿಕ್ ಚೀಲ, ಬ್ಯಾಟರಿ ದೀಪ, ತನ್ನದೇ ಮೊಣಕಾಲು,
ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಮಂಗಳವಾರ ಮಂಗಳವಾರ.
ಶುಕ್ರವಾರ ಬಾಗಿಲು ಹಾಕುವ ಹೊತ್ತಿಗೆ ಬಂದಳು:
ಅಮ್ಮಾ, ಐದೇ ನಿಮಿಷ.
ಹೊರಗೆ ಕೊಡುವಂತಿಲ್ಲ, ಅಂದೆ.
ಹೊರಗೆ ಎಲ್ಲಿ, ಮೇಜಿನ ಮೇಲೆ.

ಕಂಬಿ ಹಿಡಿದಳು. ಬರಿಗೈ.
ದೆವ್ವ ಎದ್ದಿತು. ಮೊಣಕಾಲಿಗೆ ಹೊಡೆದ ಹಳೆಯ ಬೂಟಿನ ತೊಗಲು
ಕಿರ್ ಅಂದಿತು.
ಏನು ಹೇಳುತ್ತಿತ್ತು ಇದು? ನನಗೆ ಗೊತ್ತಿಲ್ಲ.
ಅಪ್ಪನಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದೆ.
ಎಂಬತ್ತೆರಡು, ಕಿವಿ ಮಂದ.
ತಾತಾ, ದೆವ್ವದ ಮೊದಲ ಮಾತು ಯಾವುದು?
'ಏನಂದೆ?'
ದೆವ್ವದ ಮಾತು, ತಾತಾ!
'ಏನಂದೆ?'
ಒಂದೇ ಕೊಂಬಿನ ತಲೆ ಫೋನಿನತ್ತ ಬಗ್ಗಿತು,
ಎರಡು ಹೆಜ್ಜೆ ದಪದಪ,
ಆ ಕಡೆ ಅಪ್ಪ ತಟ್ಟನೆ ಸುಮ್ಮನಾದ.
ಹೆಜ್ಜೆ ಕೇಳಿಸಿತೋ ಏನೋ.

ಅವಳು ಹೋದ ಮೇಲೆ ಮೇಜು ನೋಡಿದೆ.
ಕಾಗದದ ಮೇಲೆ ಸಣ್ಣಗೆ ಮರದ ಹಿಟ್ಟು, ಹೊಸದು.
ಹುಳು ಇನ್ನೂ ಒಳಗಿದೆ.
ಸೋಮವಾರ ಬರೆದುಕೊಳ್ಳಬೇಕು.